ಬೈಗುಳದ ಟ್ಯೂಷನ್

ನನ್ನ ಹತ್ತಿರ ಪಾಠ ಹೇಳಿಸಿಕೊಂಡವರು ಆ ಪಾಠವನ್ನು ಜನ್ಮದಲ್ಲಿ ಮರೆಯುವುದಿಲ್ಲ! ಇದು ಜಂಬದ ಮಾತಲ್ಲ, ಸಾಕ್ಷಿ ಇರುವ ಮಾತು. ಸಾಕ್ಷಿಗಳು ಯಾರೆಂದರೆ ನನ್ನ ಹೆಂಡತಿ, ನನ್ನ ಅತ್ತೆ ಮತ್ತು ನನ್ನ ಭಾವಮೈದುನ. ಮೂವರೂ ಈಗ ನನ್ನ ವಿರುದ್ಧವೇ ಸಾಕ್ಷಿ ನುಡಿಯುತ್ತಿದ್ದಾರೆ ಎನ್ನುವುದು ಬೇರೆ ವಿಷಯ.

ನಾನು ಇಂಗ್ಲಿಷ್ ಮೇಷ್ಟ್ರು. ಡ್ರೈ ಕ್ಲೀನಿಂಗ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಟ್ಯುಟೋರಿಯಲ್ ಇದೆ. ಕೆಳಗೆ ಅವರು ಬಟ್ಟೆಯ ಕೊಳೆ ತೆಗೆಯುತ್ತಾರೆ, ಮೇಲೆ ನಾನು ಭಾಷೆಯ ಕೊಳೆ ತೆಗೆಯುತ್ತೇನೆ. ಗಿರಾಕಿಗಳು ಮಾತ್ರ ಕೆಳಗೇ ಹೆಚ್ಚು. ಆದರೂ ನನ್ನ ಪಾಠದ ಮೇಲೆ ನನಗಿರುವಷ್ಟು ಭರವಸೆ, ಅವರ ಸೋಪಿನ ಮೇಲೆ ಅವರಿಗಿಲ್ಲ.

ನನ್ನ ಹೆಂಡತಿ ಒಂದು ದೊಡ್ಡ ಕಚೇರಿಯಲ್ಲಿ ಟೈಪಿಸ್ಟ್. ಆ ಕಚೇರಿಯಲ್ಲಿ ವಿಚಾರಣಾ ವಿಭಾಗ ಎಂಬುದೊಂದಿದೆ. ತಪ್ಪು ಮಾಡಿದ ನೌಕರರ ಬಣ್ಣವನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬಯಲು ಮಾಡುವುದು ಅಲ್ಲಿಯ ಕೆಲಸ. ಅಲ್ಲಿ ಅನುವಾದಕರ ಹುದ್ದೆ ಖಾಲಿಯಾಯಿತು. ಪರೀಕ್ಷೆ ಬರೆದು ಪಾಸಾದರೆ ಟೈಪಿಸ್ಟಿಗೂ ಕೊಡುತ್ತಾರಂತೆ. ಆದರೆ ವಯಸ್ಸಿನ ಮಿತಿ ಬೇರೆ ಇತ್ತು. ಈ ಸಲ ತಪ್ಪಿದರೆ ಅವಳಿಗೆ ಇನ್ನೊಂದು ಅವಕಾಶವೇ ಇರಲಿಲ್ಲ.

"ಇಷ್ಟು ವರ್ಷ ಬೇರೆಯವರು ಬರೆದದ್ದನ್ನ ಕುಟ್ಟಿ ಕುಟ್ಟಿ ಸಾಕಾಯ್ತು ರೀ," ಎಂದಳು. "ನಾನು ಬರೆದದ್ದನ್ನ ಇನ್ಯಾರಾದ್ರೂ ಕುಟ್ಟಲಿ. ಒಂದೇ ಒಂದು ಸಲ ಸಾಕು, ಹಾಗಾಗ್ಬೇಕು."

ಅಷ್ಟು ಆಸೆಯಿಂದ ಅವಳು ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ. ಅವಳ ಇಂಗ್ಲಿಷ್ ಚೆನ್ನಾಗಿಯೇ ಇತ್ತು. ತೊಡಕಾಗಿದ್ದು ಒಂದೇ ಗುಂಪಿನ ಕ್ರಿಯಾಪದಗಳು. ದೂರುವುದು, ದಂಡಿಸುವುದು, ತಡೆಯುವುದು, ತಿರಸ್ಕರಿಸುವುದು. ವಿಚಾರಣಾ ವಿಭಾಗದಲ್ಲಿ ಬೇರೆ ಪದಗಳಿಗೆ ಕೆಲಸವೇ ಇಲ್ಲವಂತೆ!

"ಬ್ಲೇಮ್, ಅಕ್ಯೂಸ್, ರಿಬ್ಯೂಕ್, ರಿಪ್ರೋಚ್, ಸೆನ್ಶರ್... ಎಲ್ಲಾ ಬೈಯೋದೇ ತಾನೇ? ಒಂದು ಬೈಗುಳಕ್ಕೆ ಆ ಜನಕ್ಕೆ ಇಷ್ಟೊಂದು ಪದ ಯಾಕೆ ಬೇಕಿತ್ತೋ!"

"ನಮಗಿಲ್ವೇನೇ? ಗದರೋದು, ಜರಿಯೋದು, ಹಂಗಿಸೋದು, ಛೀಮಾರಿ ಹಾಕೋದು, ತರಾಟೆಗೆ ತಗೊಳ್ಳೋದು. ಎಲ್ಲಾ ಒಂದೇನಾ?"

"ಅದ್ಹೇಗೆ ಒಂದಾಗುತ್ತೆ? ಗದರೋದೇ ಬೇರೆ, ಹಂಗಿಸೋದೇ ಬೇರೆ."

"ಹೇಗೆ ಗೊತ್ತು?"

"ಗೊತ್ತಾಗದೇ ಏನು? ಮದುವೆಯಾದ ಮೇಲೆ ಎರಡೂ ಆಗಿದೆ."

ಅವಳು ಕುಟುಕಿದ್ದು ನನಗೆ ಚುಚ್ಚಲಿಲ್ಲ, ಒಂದು ಉಪಾಯ ಹೊಳೆಯಿತು! ಅನುಭವ! ಅನುಭವಿಸಿದ ಪದವನ್ನು ಯಾರೂ ಮರೆಯುವುದಿಲ್ಲ! ನಾನು ಎದ್ದು ನಿಂತು ಅವಳ ಪುಸ್ತಕವನ್ನು ಪಟ್ಟೆಂದು ಮುಚ್ಚಿದೆ.

"ಇವತ್ತಿಂದ ಪರೀಕ್ಷೆ ತನಕ ಈ ಮನೆಯೇ ವಿಚಾರಣಾ ವಿಭಾಗ! ನಾನೇ ಆರೋಪಿ! ಪ್ರತಿಯೊಂದು ಕ್ರಿಯಾಪದವನ್ನೂ ನನ್ನ ಮೇಲೇ ಪ್ರಯೋಗ ಮಾಡು. ನೀನು ಪಾಸಾಗದಿದ್ರೆ ನಾನು ಮೇಷ್ಟ್ರೇ ಅಲ್ಲ!"

"ಸುಮ್ಮಸುಮ್ಮನೆ ಏನಂತ ಬೈಲಿ?"

ಎಷ್ಟೋ ವರ್ಷ ಕಾರಣವಿಲ್ಲದೆಯೇ ಸಲೀಸಾಗಿ ನಡೆಸಿಕೊಂಡು ಬಂದವಳಿಗೆ ಈಗ ಕಾರಣ ಬೇಕಾಯಿತು! ಒಂದು ಕಲ್ಪಿತ ಅಪರಾಧ ಬೇಕು ಎಂದು ಸುತ್ತಲೂ ನೋಡಿದೆ. ಕಿಟಕಿಯ ಪಕ್ಕದ ಮೂಲೆ ಖಾಲಿ ಕಂಡಿತು. ಅತ್ತೆಯವರ ಹೊಲಿಗೆ ಯಂತ್ರದ ಜಾಗ ಅದು.

ಆ ಯಂತ್ರದ ಬಗ್ಗೆ ಒಂದು ಮಾತು ಹೇಳಬೇಕು. ಅದು ಕಾಲಲ್ಲಿ ತುಳಿಯುವ ಹಳೆಯ ಯಂತ್ರ. ಮಾವನವರು ತೀರಿಕೊಂಡ ಮೇಲೆ ಅತ್ತೆ ಆ ಯಂತ್ರವನ್ನು ತುಳಿದೇ ಇಬ್ಬರು ಮಕ್ಕಳನ್ನು ಸಾಕಿದ್ದರು. ನಮ್ಮ ಜೊತೆ ಇರಲು ಬಂದಾಗ ಅವರು ತಂದ ಸಾಮಾನು ಒಂದು ಪೆಟ್ಟಿಗೆ ಮತ್ತು ಆ ಯಂತ್ರ, ಅಷ್ಟೇ. ಕೆಲವು ವಾರಗಳ ಹಿಂದೆ ಅದರ ಪೆಡಲು ಬಿಗಿಯಾಯಿತು. "ಯೋಚನೆ ಬಿಡಿ ಅತ್ತೆ, ಅದು ನನ್ನ ಜವಾಬ್ದಾರಿ!" ಎಂದು ಎದೆ ತಟ್ಟಿಕೊಂಡು ಟಾಕೀಸಿನ ಹಿಂದಿರುವ ಮೆಕ್ಯಾನಿಕ್ ಅಂಗಡಿಗೆ ಕೊಟ್ಟು ಬಂದಿದ್ದೆ. ಅಲ್ಲಿಂದೀಚೆಗೆ ಅತ್ತೆ ಕೇಳಿದಾಗಲೆಲ್ಲ "ನಾಳೆ ತರ್ತೀನಿ" ಎನ್ನುತ್ತಿದ್ದೆ. ನಾಳೆಗಳಿಗೆ ಬರವಿರಲಿಲ್ಲ.

"ನಾನು ನಿಮ್ಮಮ್ಮನ ಮಿಷನ್ ಕದ್ದು ಮಾರಿಬಿಟ್ಟೆ. ಇದೇ ಅಪರಾಧ. ಶುರು ಮಾಡು!"

ಮೊದಲ ಪಾಠ ಅಕ್ಯೂಸ್. ಸಾಬೀತಾಗದಿದ್ದರೂ ಪರವಾಗಿಲ್ಲ, 'ನೀನೇ ಮಾಡಿದ್ದು' ಎಂದು ಮುಖದ ಮೇಲೆ ಹೇಳಿದರೆ ಅಕ್ಯೂಸ್. ಹೆಂಡತಿ ಸೆರಗು ಸರಿಮಾಡಿಕೊಂಡು, "ಐ ಅಕ್ಯೂಸ್ ಯೂ. ಅಮ್ಮನ ಮಿಷನ್ ಮಾರಿದ್ದು ನೀವೇ," ಎಂದು ಹಾಲಿನವನಿಗೆ ನಾಳೆ ಹಾಲು ಬೇಡ ಎನ್ನುವ ಧಾಟಿಯಲ್ಲಿ ಹೇಳಿದಳು.

"ಏನೇನೂ ಸಾಲದು! ಗಂಟಲು ಬಿಚ್ಚು! ಕಣ್ಣು ಕೆಂಪಗಾಗ್ಲಿ!"

ಅವಳು ಬಿಚ್ಚಿದಳು. ಗೋಡೆಯ ಗಡಿಯಾರ ಅಲ್ಲಾಡಿತು ಎಂದರೆ ನೀವು ನಂಬುವುದಿಲ್ಲ. "ನಮ್ಮಮ್ಮನ ಮಿಷನ್ ಮಾರ್ಕೊಂಡು ತಿಂದ್ರಲ್ಲ! ನಾಚಿಕೆ ಆಗಲ್ವಾ ನಿಮಗೆ? ಐ ಅಕ್ಯೂಸ್ ಯೂ!"

ಮುಚ್ಚಿದ ಬಾಗಿಲಿನ ಆಚೆ, ಅಡುಗೆಮನೆಯಲ್ಲಿ, ಅತ್ತೆ ತರಕಾರಿ ಹೆಚ್ಚುವ ಸದ್ದು ನಿಂತಿತು. ನಾನದನ್ನು ಗಮನಿಸಲಿಲ್ಲ. ಶಿಷ್ಯೆಯ ಪ್ರಗತಿಗೆ ಚಪ್ಪಾಳೆ ತಟ್ಟುತ್ತಿದ್ದೆ!

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಯಾವುದೋ ಗೊತ್ತಿಲ್ಲದ ನಂಬರು. ಒಳ್ಳೆಯ ಮೇಷ್ಟ್ರಿಗೆ ಎದುರಿಗೆ ಬಂದದ್ದೆಲ್ಲ ಪಾಠದ ಸಾಮಗ್ರಿ. ಫೋನನ್ನು ಅವಳ ಮುಖಕ್ಕೆ ಹಿಡಿದು ಕೆಂಪು ಗುಂಡಿಯನ್ನು ಒತ್ತಿದೆ.

"ನೋಡು, ಇದು ರಿಜೆಕ್ಟ್! ನನಗೆ ಬೇಡ ಅಂತ ಆಚೆಗೆ ತಳ್ಳೋದು."

ಮಾರನೆಯ ದಿನ ಅದೇ ನಂಬರು ಮತ್ತೆ ಬಂತು. ಒತ್ತಿದೆ. ಅದರ ಮಾರನೆಯ ದಿನವೂ ಬಂತು. "ಪದೇ ಪದೇ ತಿರಸ್ಕರಿಸೋದೂ ಒಂದು ಕಲೆ ಕಣೇ," ಎಂದು ಒತ್ತಿದೆ. ಕೊನೆಗೆ ಆ ನಂಬರನ್ನೇ ಬ್ಲಾಕ್ ಮಾಡಿ, "ಇದು ಬಾರ್. ಇನ್ಮೇಲೆ ಒಳಗೆ ಬರೋಕೇ ಆಗದಂತೆ ತಡೆಯೋದು," ಎಂದೆ. ಇಷ್ಟು ಸೊಗಸಾದ ಉದಾಹರಣೆ ಯಾವ ಪಠ್ಯಪುಸ್ತಕದಲ್ಲಿದೆ ಹೇಳಿ!

ಪಾಠ ಭರದಿಂದ ಸಾಗಿತು. ಸ್ಕೋಲ್ಡ್ ಮನೆಯೊಳಗಿನದು, ರೆಪ್ರಿಮಾಂಡ್ ಕಚೇರಿಯದು, ಸೆನ್ಶರ್ ನಾಲ್ಕು ಜನರ ಮುಂದೆ ಹಾಕುವ ಛೀಮಾರಿ. ದಿನಕ್ಕೊಂದು ಪದದಂತೆ ನಾನು ಬೈಸಿಕೊಂಡೆ. ನನ್ನ ಜೀವನದಲ್ಲಿ ಬೈಸಿಕೊಳ್ಳುವುದಕ್ಕೆ ಮೊದಲ ಬಾರಿಗೆ ಶೈಕ್ಷಣಿಕ ಮಹತ್ವ ಬಂದಿತ್ತು.

ಒಂದು ಸಂಜೆ ರಿಪ್ರೋಚ್ ಬಂತು. "ಇದರಲ್ಲಿ ಕೂಗಾಟ ಇಲ್ಲ," ಎಂದೆ. "ನಮ್ಮವರೇ ಹೀಗೆ ಮಾಡಿದ್ರಲ್ಲ ಅನ್ನೋ ನೋವಿರುತ್ತೆ. ಮೆತ್ತಗೆ ಹೇಳ್ಬೇಕು. ಕೇಳಿದವನು ತಲೆ ತಗ್ಗಿಸ್ಬೇಕು."

ಅವಳು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಳು. ಆಮೇಲೆ ಮೆತ್ತಗೆ ಹೇಳಿದಳು.

"ಆ ಮಿಷನ್ ಅಂದ್ರೆ ಅಮ್ಮನಿಗೆ ಏನು ಅಂತ ನಿಮಗೆ ಗೊತ್ತಿತ್ತು. ನನ್ನ ಫೀಸು ಅದರಿಂದಲೇ ಬಂತು. ನೀವು 'ನನ್ನ ಜವಾಬ್ದಾರಿ' ಅಂದಾಗ ನಂಬಿದ್ವಿ. ನಿಮ್ಮ ಜವಾಬ್ದಾರಿ ಯಾವಾಗ್ಲೂ ಮಾತಲ್ಲೇ ಮುಗಿದುಹೋಗುತ್ತೆ ರೀ. ಹಿಂದೆಲ್ಲಾ ನಾನು ಓದ್ತೀನಿ ಅಂದಾಗ್ಲೂ ನಗ್ತಿದ್ರಿ. ನಾನೇನೂ ಅನ್ಲಿಲ್ಲ."

ಅವಳ ಕಣ್ಣಲ್ಲಿ ನೀರಿತ್ತು.

"ಇದು... ನಟನೆ ತಾನೇ?"

"ನೋವಿರ್ಬೇಕು ಅಂತ ನೀವೇ ಅಂದ್ರಲ್ಲ," ಎಂದು ಕಣ್ಣೊರೆಸಿಕೊಂಡಳು. "ಸರಿಯಾಗಿ ಬಂತಾ?"

ಬೇಕಾದ್ದಕ್ಕಿಂತ ಹೆಚ್ಚೇ ಸರಿಯಾಗಿ ಬಂದಿತ್ತು. ನೂರಕ್ಕೆ ನೂರು ಕೊಟ್ಟು ಆವತ್ತಿನ ಪಾಠವನ್ನು ಬೇಗ ಮುಗಿಸಿದೆ. ನಾಳೆಯೇ ಹೋಗಿ ಯಂತ್ರ ತರಬೇಕು ಎಂದುಕೊಂಡೆ. ಆ ನಾಳೆಯೂ ಹಿಂದಿನವುಗಳ ಜೊತೆ ಸೇರಿಕೊಂಡಿತು.

ಇತ್ತ ಮನೆಯಲ್ಲಿ ಹವಾಮಾನ ಬದಲಾಯಿತು. ನನ್ನ ಚಹಾದಲ್ಲಿ ಸಕ್ಕರೆ ಮಾಯವಾಯಿತು. ನನ್ನ ತಟ್ಟೆ ಮೇಜಿನ ಮೇಲೆ ಇಳಿಯುವಾಗ ಪಕ್ಕದ ಮನೆಯವರೂ ಬೆಚ್ಚಿಬೀಳುವಂತೆ ಸದ್ದು ಮಾಡತೊಡಗಿತು. "ಊಟಕ್ಕೆ ಬನ್ನಿ" ಎನ್ನುತ್ತಿದ್ದ ಅತ್ತೆ ಈಗ ಗೋಡೆಗೆ ಹೇಳುತ್ತಿದ್ದರು, "ಬಡಿಸಿದೆ." ನಾನೋ ಪೆದ್ದ! ವಯಸ್ಸಾಯಿತು, ಮಂಡಿ ನೋವಿರಬೇಕು ಎಂದುಕೊಂಡೆ.

ಅತ್ತೆಯ ಕಡೆಯಿಂದ ನೋಡಿದರೆ ಅವರದೇನು ತಪ್ಪು? ಯಂತ್ರ ಮನೆಯಲ್ಲಿಲ್ಲ. ಅಳಿಯ ನಾಳೆ ನಾಳೆ ಎನ್ನುತ್ತಾನೆ. ಮಗಳು ಬಾಗಿಲು ಹಾಕಿಕೊಂಡು, 'ಅಮ್ಮನ ಮಿಷನ್ ಮಾರಿದ್ರಲ್ಲ' ಎಂದು ದಿನಾ ಸಂಜೆ ಅರಚುತ್ತಾಳೆ, ಒಂದು ದಿನವಂತೂ ಅಳುತ್ತಾಳೆ. ಸಿಟ್ಟು ಎಷ್ಟು ಏರಿದೆಯೆಂದರೆ ಇಂಗ್ಲಿಷ್ ಬೇರೆ ಬರುತ್ತಿದೆ! ಗಂಡ ಹೆಂಡತಿ ನಡುವೆ ಬಾಯಿ ಹಾಕಬಾರದು ಎನ್ನುವುದು ಅತ್ತೆಯವರ ಕಟ್ಟುನಿಟ್ಟು. ಅವರು ಬಾಯಿ ಹಾಕಲಿಲ್ಲ. ಮಗನಿಗೆ ಫೋನು ಹಾಕಿದರು.

ಪರೀಕ್ಷೆಯ ದಿನ ಬಂತು. ಬೆಳಗ್ಗೆ ಕೊನೆಯ ಪಾಠ, ರಿಸ್ಟ್ರೇನ್ ಮತ್ತು ಕನ್‌ಫೈನ್. ಒಂದು ಕೈಕಾಲು ಆಡದಂತೆ ಹಿಡಿದಿಡುವುದು, ಇನ್ನೊಂದು ಒಂದೆಡೆ ಕೂಡಿಹಾಕುವುದು. ನಾನು ಸಾಮಾನಿನ ಕೋಣೆಯಲ್ಲಿ ಮರದ ಕುರ್ಚಿಯ ಮೇಲೆ ಕುಳಿತೆ. ಅವಳು ಒಂದು ಹಳೆಯ ದುಪ್ಪಟ್ಟಾದಿಂದ ನನ್ನ ಕೈಗಳನ್ನು ಕುರ್ಚಿಗೆ ಸಡಿಲವಾಗಿ ಸುತ್ತಿದಳು.

"ಅರ್ಥವಾಯ್ತಾ?"

"ಆಯ್ತು. ಐ ಹ್ಯಾವ್ ರಿಸ್ಟ್ರೇನ್ಡ್ ಯೂ. ಹೊತ್ತಾಯ್ತು ರೀ, ಸ್ನಾನ ಮಾಡ್ಕೊಂಡು ಬರ್ತೀನಿ. ನನ್ನ ಹಾಲ್ ಟಿಕೆಟ್ ಎಲ್ಲಿ?"

"ನನ್ನ ಅಂಗಿ ಜೇಬಲ್ಲಿ ಭದ್ರವಾಗಿದೆ. ನೀನಾದ್ರೆ ಕಳೀತಿದ್ದೆ! ನೀನು ಹೋಗಿ ಬಾ. ಅಷ್ಟರಲ್ಲಿ ಕಟ್ಟಿಸಿಕೊಂಡವನಿಗೆ ಹೇಗನ್ನಿಸುತ್ತೆ ಅಂತ ನೋಡ್ತೀನಿ, ನಿನ್ನ ಪರೀಕ್ಷೆಗೆ ಉಪಯೋಗವಾದೀತು."

ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಇತ್ತ ಬಾಗಿಲ ಗಂಟೆ ಬಡಿಯಿತು. ಭಾವಮೈದುನ!

ನನ್ನ ಭಾವಮೈದುನ ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿದ್ದಾನೆ. ಕಟ್ಟುವುದೇ ಅವನ ಕೆಲಸ. ಅವನು ಕಟ್ಟಿದ ಗಾಜಿನ ಕಪಾಟು ಲಾರಿ ಮಗುಚಿದರೂ ಒಡೆಯುವುದಿಲ್ಲವಂತೆ. ಹೆಗಲ ಚೀಲದಲ್ಲಿ ಸದಾ ಹಗ್ಗ, ಟೇಪು ಮತ್ತು ಚೀಟಿಗಳು ಇರುತ್ತವೆ. ಅತ್ತೆಯೊಡನೆ ಕೋಣೆಗೆ ಬಂದವನು ನನ್ನನ್ನು ನೋಡಿ, "ಅಯ್ಯೋ ಪಾಪ, ಅಕ್ಕ ತಾನೇ ಕಟ್ಟಿಹಾಕೋ ಮಟ್ಟಕ್ಕೆ ಬಂದ್ಬಿಟ್ಟಿದಾಳಲ್ಲಮ್ಮ!" ಎಂದ. ಪಾಪ ಎಂದದ್ದು ನನಗಲ್ಲ, ಅವಳಿಗೆ.

"ಲೋ, ಇದು ಪಾಠ ಕಣೋ! ಇಂಗ್ಲಿಷ್ ಪಾಠ!"

"ಊರಿಗೆಲ್ಲಾ ಪಾಠ ಹೇಳಿದ್ರಲ್ಲ," ಎಂದರು ಅತ್ತೆ, ಈ ಬಾರಿ ಗೋಡೆಗಲ್ಲ, ನೇರವಾಗಿ ನನಗೆ. "ಈಗ ಒಂದು ನೀವೂ ಕಲೀರಿ. ನನ್ನ ಮಿಷನ್ ಎಲ್ಲಿ?"

"ರಿಪೇರಿಗೆ ಕೊಟ್ಟಿದೀನಿ ಅತ್ತೆ! ಮಾರಿದ್ದು ಅಂತ ಸುಮ್ಮನೆ ಹೇಳಿದ್ದು! ಉದಾಹರಣೆಗೆ!"

"ಉದಾಹರಣೆಗೆ ಮಾರಿದ್ರಾ?"

ನಾನು ಬಾಯಿ ತೆರೆದಷ್ಟೂ ಹಳ್ಳ ಆಳವಾಗುತ್ತಿತ್ತು. ಭಾವಮೈದುನ ದುಪ್ಪಟ್ಟಾದ ಗಂಟನ್ನು ಮುಟ್ಟಿ ನೋಡಿ ಲೊಚಗುಟ್ಟಿದ. ಕಸುಬಿನವನು ಕೆಟ್ಟ ಗಂಟನ್ನು ಸಹಿಸುವುದಿಲ್ಲ. ಚೀಲದಿಂದ ಹಗ್ಗ ತೆಗೆದ. "ಉಸಿರು ಬಿಗಿ ಹಿಡೀಬೇಡಿ ಭಾವ, ಆಮೇಲೆ ನಿಮಗೇ ತೊಂದ್ರೆ," ಎಂದು ಬಹಳ ಮರ್ಯಾದೆಯಿಂದ ನನ್ನನ್ನೂ ಕುರ್ಚಿಯನ್ನೂ ಒಂದೇ ಸಾಮಾನಾಗಿ ಮಾಡಿದ. ಕಟ್ಟಿ ಮುಗಿದ ಮೇಲೆ ಅಭ್ಯಾಸಬಲದಿಂದ ನನ್ನ ಎದೆಗೆ 'ಈ ಬದಿ ಮೇಲೆ' ಎಂದು ಬಾಣ ಹಾಕಿದ ಚೀಟಿಯನ್ನೂ ಅಂಟಿಸಿದ!

ಆಗಲೂ ನಾನು ಹೆದರಲಿಲ್ಲ. ಸತ್ಯ ನನ್ನ ಕಡೆ ಇತ್ತಲ್ಲ!

"ಹೋಗಿ ನೋಡ್ಕೊಂಡು ಬನ್ನಿ! ಟಾಕೀಸ್ ಹಿಂದೆ ಮೆಕ್ಯಾನಿಕ್ ಅಂಗಡಿ! ಮಿಷನ್ ಅಲ್ಲೇ ಇದೆ! ಆಮೇಲೆ ಇಲ್ಲಿ ಬಂದು ಕ್ಷಮೆ ಕೇಳೋವಾಗ ಮುಖ ಎಲ್ಲಿಟ್ಕೋತೀರೋ ನೋಡ್ತೀನಿ!"

"ಹೋಗೇ ಹೋಗ್ತೀವಿ," ಎಂದರು ಅತ್ತೆ. ಕೋಣೆಗೆ ಬೀಗ ಬಿತ್ತು. ಬೀಗದ ಕೈ ಅತ್ತೆಯ ಸೊಂಟಕ್ಕೆ ಹೋಯಿತು. ಮಗನ ಗಾಡಿಯ ಸದ್ದು ಬೀದಿಯ ತಿರುವಿನಲ್ಲಿ ಕರಗಿತು.

ನಲ್ಲಿ ನಿಂತಿತು. ಹೆಂಡತಿ ಹೊರಗೆ ಬಂದಳು.

"ರೀ, ಇದೇನು ಬೀಗ?"

"ನಿನ್ನ ತಮ್ಮ ಮತ್ತು ನಿಮ್ಮಮ್ಮ! ನನ್ನನ್ನ ಕನ್‌ಫೈನ್ ಮಾಡಿ ಹೋದ್ರು!"

"ತಮಾಷೆ ಬೇಡ ರೀ, ಹೊತ್ತಾಯ್ತು. ಹಾಲ್ ಟಿಕೆಟ್ ಕೊಡಿ."

"ಹೇಗೆ ಕೊಡ್ಲಿ? ಕೈ ಕಟ್ಟಿದಾನೆ!"

ಅವಳು ಬೀಗ ಹಿಡಿದು ಜಗ್ಗಿದಳು. ತಮ್ಮನಿಗೆ ಫೋನು ಮಾಡಿದಳು. ಗಾಡಿ ಓಡಿಸುವಾಗ ಫೋನ್ ಎತ್ತಬಾರದೆಂಬ ಶಿಸ್ತು ಆ ಪುಣ್ಯಾತ್ಮನಿಗಿತ್ತು.

"ಸುತ್ತಿಗೆ ಎಲ್ಲಿದೆ? ಬೀಗ ಒಡೀತೀನಿ!"

"ಸುತ್ತಿಗೆ ಇಲ್ಲೇ ಒಳಗಿದೆ, ನನ್ನ ಎದುರಿಗೇ ಕಾಣಿಸ್ತಿದೆ."

ಆಗ ಅವಳ ಬಾಯಿಂದ ಬಂತು ನೋಡಿ! ಯಾವುದನ್ನು ಕೂಗಿ ಹೇಳಬೇಕೋ ಕೂಗಿ, ಯಾವುದನ್ನು ಹಲ್ಲು ಕಚ್ಚಿ ಹೇಳಬೇಕೋ ಹಲ್ಲು ಕಚ್ಚಿ, ಗುಂಪಿನ ಒಂದು ಪದವನ್ನೂ ಬಿಡದೆ, ಒಂದರಲ್ಲೂ ತಪ್ಪದೆ! ಕೊನೆಗೆ, "ನಿಮ್ಮನ್ನ ನಾನು ಅಕ್ಯೂಸ್ ಮಾಡ್ತಿಲ್ಲ, ಬ್ಲೇಮ್ ಮಾಡ್ತಿದೀನಿ! ನನ್ನ ಪರೀಕ್ಷೆ ಹೋದ್ರೆ ಅದಕ್ಕೆ ಹೊಣೆ ನೀವೇ!" ಎಂದಳು. ಅವಳ ದನಿ ಒಡೆಯಿತು. "ಇದೇ ಕೊನೇದು ರೀ. ಇನ್ನೊಂದು ಸಲ ನನಗಿಲ್ಲ."

ಮೇಷ್ಟ್ರಾಗಿ ನನಗೆ ಹೆಮ್ಮೆಯಾಗಬೇಕಿತ್ತು. ಗಂಡನಾಗಿ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಭೂಮಿ ಬಾಯಿ ಬಿಡಲಿಲ್ಲ, ಆದರೆ ಬಾಗಿಲಿನ ಅಡಿಯಲ್ಲಿ ಬೆರಳು ತೂರುವಷ್ಟು ಸಂದು ಕಂಡಿತು.

ಕುರ್ಚಿಯೊಡನೆ ಕುಪ್ಪಳಿಸಿ ಕುಪ್ಪಳಿಸಿ ಬಾಗಿಲ ಹತ್ತಿರ ಬಂದೆ. ಜೀವನದಲ್ಲಿ ಮೊದಲ ಬಾರಿಗೆ ಯೋಚಿಸಿದ್ದನ್ನು ತಕ್ಷಣ ಮಾಡಿದೆ. ಪಕ್ಕಕ್ಕೆ ಉರುಳಿಬಿದ್ದೆ! ಕುರ್ಚಿ, ನಾನು, ಒಂದು ಬಣ್ಣದ ಡಬ್ಬ, ಎರಡು ಹಳೆಯ ಸೂಟ್‌ಕೇಸು, ಎಲ್ಲ ಒಟ್ಟಿಗೆ ನೆಲಕ್ಕೆ ಬಂದವು. 'ಈ ಬದಿ ಮೇಲೆ' ಎನ್ನುವ ಬಾಣ ಗೋಡೆಯ ಕಡೆ ತೋರಿಸುತ್ತಿತ್ತು.

"ಏನಾಯ್ತು ರೀ? ಪೆಟ್ಟಾಯ್ತಾ?"

"ಟಿಕೆಟ್ ಬರ್ತಾ ಇದೆ!"

ಗದ್ದವನ್ನು ಎದೆಗೆ ಒತ್ತಿ, ಹಲ್ಲಿನಿಂದ ಜೇಬಿನ ಅಂಚು ಎಳೆದೆ. ಒಂದು ಗುಂಡಿ ಬಾಯಿಗೆ ಬಂತು, ಉಗಿದೆ. ಆಮೇಲೆ ಪೆನ್ನು ಬಂತು. ಆಮೇಲೆ ಕಾಗದ ಸಿಕ್ಕಿತು. ಹಲ್ಲಲ್ಲಿ ಕಚ್ಚಿ, ನೆಲಕ್ಕಿಟ್ಟು, ಮೂಗಿನಿಂದ ತಳ್ಳುತ್ತಾ ತಳ್ಳುತ್ತಾ ಬಾಗಿಲ ಸಂದಿಗೆ ತಲುಪಿಸಿದೆ. ಆ ಕಡೆಯಿಂದ ಅವಳ ಬೆರಳುಗಳು ಅದನ್ನು ಎಳೆದುಕೊಂಡವು.

"ಫೋಟೋ ಮೇಲೆ ಹಲ್ಲಿನ ಗುರುತಿದೆ," ಎಂದಳು ಅಳುವ ದನಿಯಲ್ಲಿ.

"ಓಡು! ಮೊದಲು ಓಡು!"

ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ನಾನು ನೆಲಕ್ಕೆ ಕೆನ್ನೆ ಒತ್ತಿ ಬಿದ್ದಿದ್ದೆ. ಅವಳು ಸಮಯಕ್ಕೆ ತಲುಪಲಿ ಎಂದು, ಯಾವತ್ತೂ ಯಾರಲ್ಲೂ ಏನನ್ನೂ ಬೇಡದ ನಾನು, ಆ ಬಣ್ಣದ ಡಬ್ಬದ ಮುಂದೆ ಬೇಡಿಕೊಂಡೆ.

ಆಮೇಲೆ ಮಾಡಲು ಬೇರೇನೂ ಕೆಲಸವಿರಲಿಲ್ಲ. ಬಿದ್ದಲ್ಲಿಂದಲೇ ಒಂದು ಭಾಷಣ ಸಿದ್ಧಪಡಿಸಿದೆ. ಯಂತ್ರವನ್ನು ಕಣ್ಣಾರೆ ಕಂಡು ಅತ್ತೆ ನಾಚಿಕೊಂಡು ಬರುತ್ತಾರೆ. ಭಾವಮೈದುನ ಕೈ ಮುಗಿಯುತ್ತಾನೆ. ನಾನು ದೊಡ್ಡ ಮನಸ್ಸು ಮಾಡಿ, "ಹಿರಿಯರು ನೀವು, ಹೋಗಲಿ ಬಿಡಿ," ಎನ್ನುತ್ತೇನೆ. ಆದರೆ ತಕ್ಷಣ ಎನ್ನುವುದಿಲ್ಲ. ಸ್ವಲ್ಪ ಸತಾಯಿಸಿ ಎನ್ನುತ್ತೇನೆ. ಚಹಾಕ್ಕೆ ಸಕ್ಕರೆ ಹಾಕಿದ ಮೇಲೆ ಎನ್ನುತ್ತೇನೆ.

ಬೀಗ ತೆರೆಯಿತು. ಭಾವಮೈದುನ ಒಬ್ಬನೇ ಒಳಗೆ ಬಂದು, ನನ್ನನ್ನು ಬಾಣದ ಪ್ರಕಾರ ನೆಟ್ಟಗೆ ನಿಲ್ಲಿಸಿ ಗಂಟು ಬಿಚ್ಚಿದ.

"ನೋಡಿದ್ರಾ ಮಿಷನ್?" ಎಂದೆ ಗೆದ್ದ ದನಿಯಲ್ಲಿ.

"ಅಂಗಡಿ ನೋಡಿದ್ವಿ ಭಾವ. ಖಾಲಿ ಮಾಡ್ತಾ ಇದ್ದ. ಕೊನೆ ಗಾಡಿಗೆ ಸಾಮಾನು ತುಂಬ್ತಿದ್ದ."

"ಮಿಷನ್ ಎಲ್ಲಿ?"

"ಎಷ್ಟೋ ಸಲ ಫೋನ್ ಮಾಡಿದ್ನಂತೆ. ಜಾಗ ಬಿಡ್ತಾ ಇದೀನಿ, ಬಂದು ತಗೊಂಡು ಹೋಗಿ ಅಂತ ಹೇಳೋಕೆ. ಪ್ರತಿ ಸಲವೂ ನೀವು ಕಟ್ ಮಾಡಿದ್ರಂತೆ. ಆಮೇಲೆ ಫೋನೇ ಹೋಗ್ಲಿಲ್ವಂತೆ. ಇವರಿಗೆ ಬೇಡವೇನೋ ಅಂದ್ಕೊಂಡು, ಬೇರೆ ಸಾಮಾನಿನ ಜೊತೆ ಅದನ್ನೂ ಬೀದೀಲಿ ಹೋಗ್ತಿದ್ದ ಯಾರೋ ಹಳೇ ಸಾಮಾನಿನವನಿಗೆ ಹಾಕಿಬಿಟ್ಟನಂತೆ."

ರಿಜೆಕ್ಟ್! ಬಾರ್! ನನ್ನ ಸೊಗಸಾದ ಉದಾಹರಣೆಗಳು!

ಹೊರಗೆ ಬಂದೆ. ಅತ್ತೆ ಕಿಟಕಿಯ ಪಕ್ಕದ ಮೂಲೆಯಲ್ಲಿ, ಯಂತ್ರವಿದ್ದ ಜಾಗದಲ್ಲಿ ನೆಲದ ಮೇಲೆ ಕುಳಿತಿದ್ದರು. ಯಂತ್ರದ ಕಾಲುಗಳು ಒತ್ತಿದ ಗುರುತು ನೆಲದಲ್ಲಿ ಇನ್ನೂ ಇತ್ತು. ಅವರು ಅದನ್ನು ಬೆರಳಲ್ಲಿ ಸವರುತ್ತಿದ್ದರು.

"ಅತ್ತೆ, ನನ್ನದು ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ."

ಅವರು ಗುರುತು ಸವರುತ್ತಲೇ ಇದ್ದರು. ಬೈಯಲಿಲ್ಲ, ಗದರಲಿಲ್ಲ, ಹಂಗಿಸಲಿಲ್ಲ. ಇಷ್ಟು ದಿನ ಅಷ್ಟೊಂದು ಪದಗಳನ್ನು ಈ ಮನೆಯಲ್ಲಿ ಕಲಿಸಿದ್ದೆ. ಅತ್ತೆ ಅದರಲ್ಲಿ ಒಂದನ್ನಾದರೂ ಉಪಯೋಗಿಸಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಜೆ ಹೆಂಡತಿ ಬಂದಳು. ಎಲ್ಲವನ್ನೂ ತಮ್ಮನಿಂದ ಕೇಳಿದಳು. ನಾನು ನಿಂತಲ್ಲೇ ನಿಂತಿದ್ದೆ.

"ಪರೀಕ್ಷೆ..." ಎಂದೆ.

"ಒಳಗೆ ಬಿಟ್ರು. ಟಿಕೆಟ್ ನೋಡಿ, ನಾಯಿ ಕಚ್ಚಿತಾ ಅಂತ ಕೇಳಿದ್ರು. ಹೌದು ಅಂದೆ."

"ಚೆನ್ನಾಗಿ ಬರೆದ್ಯಾ?"

"ಒಂದು ಪದ ಬಿಟ್ಟು ಎಲ್ಲಾ ಬರೆದೆ. ಎಕ್ಸಾನರೇಟ್ ಅಂತ ಒಂದಿತ್ತು. ಅದನ್ನ ನೀವು ಹೇಳಿಕೊಟ್ಟಿರ್ಲಿಲ್ಲ." ಅಷ್ಟು ಹೇಳಿ ತಾಯಿಯ ಪಕ್ಕ ಹೋಗಿ ಕುಳಿತಳು.

ಆ ವಾರವೇ ನಾನು ಒಂದು ಹೊಸ ಹೊಲಿಗೆ ಯಂತ್ರ ತಂದೆ. ಕರೆಂಟಿನಲ್ಲಿ ಓಡುವುದು! ಹೂವಿನ ಕಸೂತಿ ತಾನೇ ಹಾಕುವುದು! ಅತ್ತೆ ಮೊದಲ ದಿನ, "ನನಗೆ ಬೇಡ," ಎಂದರು. ಅದು ರಿಫ್ಯೂಸ್. ಮಾರನೆಯ ದಿನ ನನ್ನ ಒತ್ತಾಯಕ್ಕೆ ಹತ್ತಿರ ಬಂದು, ಸೂಜಿ ನೋಡಿ, ಚಕ್ರ ತಿರುಗಿಸಿ, "ಸರಿಯಿಲ್ಲ," ಎಂದರು. ಅದು ರಿಜೆಕ್ಟ್. ಮೂರನೆಯ ದಿನ ದಾರಿಗೆ ಅಡ್ಡವಾಗಿದೆ ಎಂದು ಕಾಲಿನಿಂದ ಪಕ್ಕಕ್ಕೆ ನೂಕಿದರು. ಅದು ಸ್ಪರ್ನ್. ಇಂಗ್ಲಿಷ್ ಒಂದಕ್ಷರ ಬಾರದ ಅತ್ತೆ ಯಾವ ಮೇಷ್ಟ್ರೂ ಇಲ್ಲದೆ ಕಲಿತುಬಿಟ್ಟಿದ್ದರು. ಈಗ ನಾನು ರಜೆ ಸಿಕ್ಕಾಗಲೆಲ್ಲ ಹಳೆ ಸಾಮಾನಿನ ಅಂಗಡಿಗಳಲ್ಲಿ ತುಕ್ಕು ಹಿಡಿದ ಪೆಡಲುಗಳನ್ನು ತುಳಿದು ನೋಡುತ್ತಾ ಅಲೆಯುತ್ತೇನೆ. ಅಂಗಡಿಯವರು ನನ್ನನ್ನು ದೂರದಿಂದ ಕಂಡೊಡನೆ, "ಇನ್ನೂ ಸಿಕ್ಕಿಲ್ಲ ಮೇಷ್ಟ್ರೇ," ಎನ್ನುತ್ತಾರೆ.

ಕೆಲವು ತಿಂಗಳಿಗೆ ಫಲಿತಾಂಶ ಬಂತು. ಪಾಸು! ನನ್ನ ಹೆಂಡತಿ ಈಗ ವಿಚಾರಣಾ ವಿಭಾಗದ ಅನುವಾದಕಿ. ಅವಳು ಬರೆದದ್ದನ್ನು ಇನ್ನೊಬ್ಬರು ಕುಟ್ಟುತ್ತಾರೆ. ಆ ಸುದ್ದಿ ಬಂದ ದಿನ ಅವಳು ನಕ್ಕಿದ್ದು ನೋಡಿ ನನಗೆ ಎದೆ ತುಂಬಿತು. ಇದೇ ಸಮಯ ಎಂದು ಧೈರ್ಯ ಮಾಡಿದೆ.

"ಈಗಲಾದ್ರೂ ಗೊತ್ತಾಯ್ತಾ, ಎಕ್ಸಾನರೇಟ್ ಅಂದ್ರೆ ಏನು ಅಂತ? ಇವನ ಮೇಲೆ ತಪ್ಪಿಲ್ಲ ಅಂತ ಬಿಡುಗಡೆ ಮಾಡೋದು. ನನ್ನ ಮೇಲೆ ಒಂದು ಸಲ ಪ್ರಯೋಗ ಮಾಡಿಬಿಡೇ."

"ಅರ್ಥ ಗೊತ್ತು ರೀ. ಪ್ರಯೋಗಕ್ಕೆ ತಪ್ಪಿಲ್ಲದವನು ಬೇಕಲ್ಲ. ಮನೆಯೆಲ್ಲಾ ಹುಡುಕಿದೆ, ಸಿಗಲಿಲ್ಲ."

"ಸರಿ, ಅದು ಬೇಡ! ಫರ್ಗಿವ್ ಇದೆಯಲ್ಲ! ಕ್ಷಮಿಸು! ಅದಕ್ಕೆ ತಪ್ಪು ಮಾಡಿದವನೇ ಬೇಕು! ಇಲ್ಲೇ ನಿಂತಿದೀನಿ ನೋಡು!"

ಅವಳು ಕಿಟಕಿಯ ಪಕ್ಕದ ಮೂಲೆಯ ಕಡೆ ನೋಡಿದಳು. ಅತ್ತೆ ಅಲ್ಲಿ ಕುಳಿತು ಮಗಳ ರವಿಕೆಯನ್ನು ಕೈಯಲ್ಲೇ ಹೊಲಿಯುತ್ತಿದ್ದರು.

"ಅದಕ್ಕೆ ತಪ್ಪು ಮಾಡಿದವನು ಒಬ್ಬನೇ ಸಾಲದು ರೀ," ಎಂದಳು. "ಮಿಷನ್ ಕೂಡ ಬೇಕು."